ತಿಪ್ಪೆ ಉಪ್ಪರಿಗೆಯೇರಿದ ಪ್ರಸಂಗ

ಉಪ್ಪರಿಗೆ ಹೋಗಿ ತಿಪ್ಪೆಯಾಗುವುದನ್ನೂ ತಿಪ್ಪೆ ಹೋಗಿ ಉಪ್ಪರಿಗೆಯಾಗುವುದನ್ನೂ ಗಾದೆಯಲ್ಲಿ ಕಟ್ಟಿಟ್ಟ ನಮ್ಮ ಹಿರಿಯರಿಗೆ, ತಿಪ್ಪೆಯೇ ಮೂಟೆಯೊಳಗೆ ಕುಳಿತು ಲಿಫ್ಟ್ ಹತ್ತಿ ಉಪ್ಪರಿಗೆಗೆ ಹೋಗುವ ಕಾಲವೊಂದು ಬಂದೀತೆಂದು ಹೊಳೆದಿರಲಾರದು. ಕಳೆದ ಭಾನುವಾರ ನಮ್ಮ ತಾರಸಿಯಲ್ಲಿ ಕಾಫಿಗೆ ಸೇರಿದ್ದ ನಾಲ್ವರ ನಡುವೆ ಅಂಥದೊಂದು ಮೂಟೆ ಐದನೆಯ ಅತಿಥಿಯಂತೆ ಕುಳಿತಿತ್ತು. ಮಾತು ಬೇರೆ ಕಡೆಗೆ ಹೊರಳದಂತೆ ಅದರ ವಾಸನೆಯೇ ನೋಡಿಕೊಂಡಿತು.

ತಂದವರು ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಕ್ಯಾಷಿಯರ್. “ಅಪ್ಪಟ ಕೋಳಿ ಗೊಬ್ಬರ, ಸಾರಜನಕದ ಗಣಿ, ಇವತ್ತೇ ಕುಂಡಗಳಿಗೆ ಹಾಕಿಬಿಡೋಣ” ಎಂದರು. ಪಶುವೈದ್ಯರಾಗಿದ್ದ ಡಾಕ್ಟ್ರು ಮೂಟೆಯ ಬಾಯಿ ಬಿಚ್ಚಿ, ಕೈ ಒಳಗಿಟ್ಟು, ಜ್ವರ ನೋಡುವವರಂತೆ ಕ್ಷಣಕಾಲ ಕಣ್ಣು ಮುಚ್ಚಿದರು. “ಒಳಗಿನ್ನೂ ಕಾವು ಇದೆ. ಸಾರಜನಕ ಹೆಚ್ಚಿರುವುದರಿಂದಲೇ ಇದು ಹಸಿಯಾಗಿದ್ದರೆ ಬೇರನ್ನು ಸುಡುತ್ತದೆ. ಒಣ ಎಲೆಯೊಂದಿಗೆ ಬೆರೆಸಿ ನಾಲ್ಕೈದು ತಿಂಗಳು ಕಳಿಯಲು ಬಿಡಬೇಕು.”

“ಅಂದರೆ ಇದು ಫಿಕ್ಸೆಡ್ ಡೆಪಾಸಿಟ್, ಅವಧಿಗೆ ಮೊದಲೇ ಮುರಿದರೆ ದಂಡ ಬೀಳುತ್ತದೆ” ಎಂದು ಕ್ಯಾಷಿಯರ್ ತಕ್ಷಣವೇ ಅರ್ಥ ಮಾಡಿಕೊಂಡರು. ಆ ದಂಡವನ್ನು ಕಳೆದ ವರ್ಷವೇ ಕಟ್ಟಿದವನು ನಾನು. ಬುಡಕ್ಕೆ ಎರಡೆರಡು ಹಿಡಿ ಹಸಿ ಗೊಬ್ಬರ ಸುರಿದ ನಾಲ್ಕನೆಯ ದಿನಕ್ಕೆ ನನ್ನ ಗುಲಾಬಿಯ ಎಲೆಗಳ ಅಂಚೆಲ್ಲ ಇಸ್ತ್ರಿ ಪೆಟ್ಟಿಗೆ ತಾಗಿದ ರೇಷ್ಮೆ ಸೀರೆಯಂತೆ ಕಂದಿಹೋಗಿತ್ತು.

ಮೇಷ್ಟ್ರು ಕನ್ನಡ ಪಾಠ ಮಾಡಿದವರು. “ಹಸು ಎಮ್ಮೆಗಳದು ಸಗಣಿ, ಕುದುರೆ ಆನೆಗಳದು ಲದ್ದಿ, ಕುರಿ ಮೇಕೆಗಳದು ಹಿಕ್ಕೆ. ಒಂದು ಭಾಷೆ ಇಷ್ಟು ವಿಂಗಡಣೆ ಮಾಡಿಕೊಂಡಿದೆಯೆಂದರೆ, ಅದನ್ನಾಡುವ ಜನ ನೋಡಿಕೊಂಡೇ ಹೆಜ್ಜೆಯಿಟ್ಟವರೆಂದು ತಿಳಿಯಬೇಕು” ಎಂದರು. ಸಗಣಿಯಿಂದ ಮಾತು ಬೆರಣಿಗೆ ಬಂದಾಗ, ಅದು ಬೆರಣಿಯಲ್ಲ, ಕುಳ್ಳು ಎಂದು ಧಾರವಾಡದ ಪಾಟೀಲರು ತಿದ್ದಿದರು. ಈಗ ಅದು ಕೊರಿಯರ್‌ನಲ್ಲಿ ಬರುವುದರಿಂದ ಎರಡೂ ಕಡೆಯವರು ಸಮಾನವಾಗಿ ನಾಚಿಕೊಳ್ಳಬಹುದೆಂದು ನಾನು ಸಂಧಾನ ಮಾಡಿದೆ.

ಪಾಟೀಲರ ಪಕ್ಷವೇ ಬೇರೆ. ಅವರ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆಯ ಜೊತೆಗೆ ಗಂಜಲವೂ ನೇರವಾಗಿ ಮಣ್ಣಿಗಿಳಿಯುತ್ತದೆ. ಅದಕ್ಕಾಗಿ ಹೊಲದವನೇ ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. “ತಂಗಿದವರಿಗೆ ಮಾಲೀಕನೇ ಬಾಡಿಗೆ ಕೊಡುವ ವಸತಿಗೃಹ!” ಎಂದು ಕ್ಯಾಷಿಯರ್ ಬೆರಗಾಗಿ, ನಮ್ಮ ತಾರಸಿಯಲ್ಲಿ ಎಷ್ಟು ಕುರಿ ಹಿಡಿಸಬಹುದೆಂದು ಕಣ್ಣಳತೆ ಮಾಡತೊಡಗಿದರು. ಕುಂಡಕ್ಕೆ ಕುರಿಯೇ ಬರಬೇಕಾಗಿಲ್ಲ, ಒಣಗಿದ ಹಿಕ್ಕೆಯನ್ನು ಪುಡಿ ಮಾಡಿ ಹಾಕಿದರೆ ಸಾಕು, ಇಡಿಯಾಗಿ ಹಾಕಿದರೆ ಅದು ಗೋಲಿಯಂತೆ ಬಹಳ ದಿನ ಹಾಗೆಯೇ ಬಿದ್ದಿರುತ್ತದೆ ಎಂದು ಪಾಟೀಲರು ಸಮಾಧಾನ ಹೇಳಿದರು. ಹಾಗಾದರೆ ನಮ್ಮ ಮನೆಯ ನಾಯಿಯದು ಎಂದು ಕ್ಯಾಷಿಯರ್ ಬಾಯಿ ತೆರೆಯುವಷ್ಟರಲ್ಲಿ ಡಾಕ್ಟ್ರು ಕೈಯೆತ್ತಿದರು. ನಾಯಿ ಬೆಕ್ಕುಗಳ ಮಲದಲ್ಲಿ ಜಂತುಹುಳುವಿನಂಥ ಪರೋಪಜೀವಿಗಳಿರುವುದರಿಂದ ಸೊಪ್ಪು ತರಕಾರಿಯ ಹತ್ತಿರಕ್ಕೂ ಅದನ್ನು ತರಕೂಡದು.

ಅಷ್ಟರಲ್ಲಿ ಮೇಷ್ಟ್ರು ನಿಂಬೆ ಗಿಡದ ಮುಂದೆ ಮಂಡಿಯೂರಿ, ಎಲೆಯ ಮೇಲಿದ್ದ ಹಕ್ಕಿಯ ಹಿಕ್ಕೆಯೊಂದನ್ನು ಒರೆಸಹೊರಟಾಗ ಆ ಹಿಕ್ಕೆ ಮೆಲ್ಲಗೆ ನಡೆಯಿತು. ಅದು ನಿಂಬೆ ಚಿಟ್ಟೆಯ ಮರಿಹುಳು. ಹಕ್ಕಿಗಳ ಕಣ್ಣು ತಪ್ಪಿಸಲು ಎಳೆಯ ವಯಸ್ಸಿನಲ್ಲಿ ಅದು ಹಕ್ಕಿ ಹಿಕ್ಕೆಯ ವೇಷದಲ್ಲೇ ಇರುತ್ತದೆ. ದೊಡ್ಡದಾದ ಮೇಲೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಕೆಳಗಿನ ಮಣ್ಣಿನ ಮೇಲೆ ದೊಡ್ಡ ಹುಳುಗಳು ಉದುರಿಸಿದ ಮೆಣಸಿನ ಕಾಳಿನಂಥ ಕಪ್ಪು ಹಿಕ್ಕೆಗಳಿದ್ದವು. “ಗೊಬ್ಬರ ಹಾಕುವ ಮೊದಲು ಗೊಬ್ಬರದ ವೇಷವನ್ನೂ ಹಾಕುವ ಈ ಶ್ರದ್ಧೆ ನಿಮ್ಮಲ್ಲಿ ಯಾರಿಗಿದೆ?” ಎಂದು ಮೇಷ್ಟ್ರು ಕೇಳಿದರು. ತಿಂದ ಎಲೆಯ ಲೆಕ್ಕಕ್ಕೆ ಇದು ಬಡ್ಡಿಗೂ ಸಾಲದೆಂದು ಕ್ಯಾಷಿಯರ್ ಗೊಣಗಿದರು. ಹುಳುವಿನ ಹಿಕ್ಕೆಯೇ ಬೇಕಾದರೆ ಶಿಡ್ಲಘಟ್ಟ, ರಾಮನಗರದ ಕಡೆಯ ರೇಷ್ಮೆ ಸಾಕುವ ಮನೆಗಳಲ್ಲಿ, ಉಳಿದ ಹಿಪ್ಪುನೇರಳೆ ಎಲೆಯ ಸಮೇತ ರಾಶಿಯಾಗಿ ಸಿಗುತ್ತದೆ, ಆದರೆ ಅದನ್ನೂ ಕಳಿಸಿಯೇ ಹಾಕಬೇಕು ಎಂದರು ಡಾಕ್ಟ್ರು.

“ಎಲ್ಲವನ್ನೂ ಕಳಿಸುವುದಾದರೆ ಗಿಡ ನೆಡುವುದು ಯಾವಾಗ?” ಎಂಬ ಕ್ಯಾಷಿಯರರ ಪ್ರಶ್ನೆಗೆ ನಾನು ಪಕ್ಕದ ಕುಂಡವನ್ನು ಕೆದಕಿ ತೋರಿಸಿದೆ. ಅರೆಬರೆ ಕಳಿತ ಸಗಣಿ ಗೊಬ್ಬರದೊಳಗೆ ಹೆಬ್ಬೆರಳು ಗಾತ್ರದ ಬಿಳಿಯ ಗೊಣ್ಣೆಹುಳುವೊಂದು ಮುದುಡಿ ಮಲಗಿತ್ತು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ತಿಪ್ಪೆಯಲ್ಲಿಯೇ. ನಮ್ಮ ತಾರಸಿಯಲ್ಲಿ ತೆಂಗಿಲ್ಲ. ಪಕ್ಕದ ಮನೆಯವರಲ್ಲಿದೆ, ಮತ್ತು ಅವರು ಈಗಾಗಲೇ ವಾಸನೆಯ ವಿಚಾರವಾಗಿ ನಮ್ಮೊಂದಿಗೆ ಮಾತು ಬಿಟ್ಟಿದ್ದಾರೆ.

ಕೊನೆಗೆ ಮೂಟೆಯನ್ನು ತೂತು ಕೊರೆದ ಡ್ರಮ್ಮಿಗೆ ಒಂದು ಪದರ ಗೊಬ್ಬರ, ಎರಡು ಪದರ ಒಣ ಎಲೆಯಂತೆ ತುಂಬಿ, ನೀರು ಚಿಮುಕಿಸಿ ಮುಚ್ಚಿದೆವು. ಕ್ಯಾಷಿಯರ್ ಸೀಮೆಸುಣ್ಣ ಕೇಳಿ ಪಡೆದು ಮುಚ್ಚಳದ ಮೇಲೆ ಠೇವಣಿಯ ದಿನಾಂಕವನ್ನೂ ಐದು ತಿಂಗಳ ನಂತರದ ದಿನಾಂಕವನ್ನೂ ದುಂಡಗೆ ಬರೆದು, ಒಂದು ಕ್ಷಣ ಯೋಚಿಸಿ, ಕೆಳಗೆ ‘ನಾಮಿನಿ: ಗುಲಾಬಿ’ ಎಂದು ಸೇರಿಸಿದರು.