ಸಮಸ್ಯೆ: ‘ಕುರಿಗಾಹಿಗಳೇ ತೊಳೆದರು ಕಾಲ್ಚೀಲಗಳಂ’

ಮಿತ್ರರೇ, ಪದ್ಯದ ಕೊನೆಯ ಸಾಲನ್ನು ಕೊಟ್ಟು ಉಳಿದ ಸಾಲುಗಳನ್ನು ತುಂಬಿಸಲು ಕೇಳುವುದೇ ಸಮಸ್ಯೆ; ಈ ವಾರದ್ದು ಇಂಗ್ಲೆಂಡಿನ ಶಾಲಾಮಕ್ಕಳ ಬಾಯಿಂದ ಬಂದದ್ದು. ಛಂದಸ್ಸು ಕಂದ (ನಾಲ್ಕು ಮಾತ್ರೆಯ ಗಣಗಳಿಂದಾದ ನಾಲ್ಕು ಸಾಲಿನ ಪದ್ಯ), ರಕಾರದ ಸಿಂಹಪ್ರಾಸ (ಪ್ರತಿ ಸಾಲಿನಲ್ಲೂ ಹ್ರಸ್ವಾಕ್ಷರದ ಬಳಿಕ ಎರಡನೆಯ ಅಕ್ಷರವಾಗಿ ರಕಾರ).

ಇರುಳಿನಲ್ಲಿ ಕುರಿ ಕಾಯುತ್ತಿದ್ದವರ ಬಳಿಗೆ ದೇವದೂತನು ಇಳಿದುಬಂದ ಕಥೆಯನ್ನು ಹೇಳುವ, ನೇಹಮ್ ಟೇಟ್ ಕವಿಯದೆನ್ನುವ ಕ್ರಿಸ್‌ಮಸ್ ಗೀತೆ 1700ರಲ್ಲಿ ಅಚ್ಚಾಯಿತು. ಮಕ್ಕಳು ಅದರ ಮೊದಲ ಸಾಲಿನ ‘ವಾಚ್ಡ್’ ಎಂಬುದನ್ನು ‘ವಾಷ್ಡ್’ ಎಂದೂ ‘ಫ್ಲಾಕ್ಸ್’ ಎಂಬುದನ್ನು ‘ಸಾಕ್ಸ್’ ಎಂದೂ ಬದಲಿಸಿ, ಕುರಿ ಕಾಯುವವರನ್ನು ಕಾಲ್ಚೀಲ ಒಗೆಯಲು ಕೂರಿಸಿದರು. ಧಾಟಿ ಕದಲಲಿಲ್ಲ, ಲಯ ಎಲ್ಲಿಯೂ ಎಡವಲಿಲ್ಲ. ಕೊಟ್ಟ ಚೌಕಟ್ಟನ್ನು ಮುರಿಯದೆ ಅರ್ಥವನ್ನು ಹೊರಳಿಸುವ ಈ ಕೆಲಸವನ್ನು ನಾನು ಸಮಸ್ಯಾಪೂರಣವೆಂದೇ ಎಣಿಸುತ್ತೇನೆ.

ಇಂಥ ಪದ್ಯಗಳು ಹರಡುವ ವೇಗವನ್ನು ಶಾಲಾಮಕ್ಕಳ ಹಾಡು-ನುಡಿಗಳನ್ನು ಸಂಗ್ರಹಿಸಿದ ಓಪಿ ದಂಪತಿಗಳು 1959ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಎಂಟನೆಯ ಎಡ್ವರ್ಡ್ ದೊರೆಗೆ ಸಿಂಪ್ಸನ್ ಎಂಬ ಮಹಿಳೆಯೊಂದಿಗಿದ್ದ ಪ್ರೇಮಪ್ರಕರಣವನ್ನು ಬ್ರಿಟನ್ನಿನ ಪತ್ರಿಕೆಗಳು ಬಹಿರಂಗಪಡಿಸಿದ್ದು 1936ರ ಡಿಸೆಂಬರ್ 3ರಂದು. ಅವನು ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದ್ದು 10ರಂದು. ಕ್ರಿಸ್‌ಮಸ್ ರಜೆಗೆ ಶಾಲೆಗಳು ಮುಚ್ಚುವ ಮುನ್ನವೇ, ದೇವದೂತರ ಗಾನವನ್ನು ಕೇಳಿರೆನ್ನುವ ಪ್ರಸಿದ್ಧ ಸ್ತುತಿಗೆ ‘ಸಿಂಪ್ಸನ್ನಮ್ಮ ನಮ್ಮ ರಾಜನನ್ನೇ ಲಪಟಾಯಿಸಿದಳು’ ಎಂಬರ್ಥದ ಸಾಲು ಸೇರಿಕೊಂಡು, ಲಂಡನ್ನಿನಲ್ಲಷ್ಟೇ ಅಲ್ಲದೆ ದಕ್ಷಿಣದ ಚಿಚೆಸ್ಟರ್, ಉತ್ತರದ ಲಿವರ್‌ಪೂಲ್ ಮತ್ತು ಓಲ್ಡಮ್‌ಗಳ ಮಕ್ಕಳ ನಾಲಗೆಯ ಮೇಲೂ ಕುಣಿಯುತ್ತಿತ್ತು. ಆಗ ಅದನ್ನು ಸಾಗಿಸಿದ್ದು ರೇಡಿಯೋ ಅಲ್ಲ, ಮಕ್ಕಳ ಬಾಯಿ.

ನನ್ನ ಪೂರಣ:

ಗುರುವೆದುರು ಭಕ್ತಿಗೀತಂ
ಹೊರಬರೆ ಬಯಲೊಳ್ ತಿರುಚಿತು ಚಿಣ್ಣರ ಕೂಟಂ
ಕುರಿ ಕಾಯ್ವ ಪದದೊಳಿರುಳೊಳ್
ಕುರಿಗಾಹಿಗಳೇ ತೊಳೆದರು ಕಾಲ್ಚೀಲಗಳಂ

ಉತ್ತರ: ರಾಯರೇ, ‘ಹೊರಬರೆ’ ಎಂಬುದು ಮಕ್ಕಳಿಗೂ ಗೀತೆಗೂ ಒಟ್ಟಿಗೆ ಅನ್ವಯಿಸುವುದು ಬಹಳ ಹಿಡಿಸಿತು. ನಾನು ಮಕ್ಕಳ ಮಾತನ್ನು ನಿಜವೆಂದೇ ನಂಬಿ, ಬೆತ್ಲೆಹೇಮಿಗೆ ಹೊರಟವರಿಗೆ ಒಗೆಯಲು ಒಂದು ಕಾರಣವನ್ನು ಹುಡುಕಿದ್ದೇನೆ:

ಹರುಷದೊಳೆ ಶಿಶುವ ಕಾಣಲ್
ತೆರಳುವ ಮುನ್ನಂ ಕೆಸರಿನ ಪಾದದ ಕೊಳೆಯಂ
ಪರಿಹರಿಸಿ ಶುಚಿಗಳಾಗಲ್
ಕುರಿಗಾಹಿಗಳೇ ತೊಳೆದರು ಕಾಲ್ಚೀಲಗಳಂ

ಪ್ರತ್ಯುತ್ತರ: ಸೊಗಸಾಗಿದೆ ಸ್ವಾಮಿ. ಎರಡೆರಡು ಸಾಲುಗಳನ್ನು ಕೂಡಿಸಿ ಎಣಿಸಿದಾಗ ಬರುವ ಆರನೆಯ ಗಣಕ್ಕೆ ಸಮಸ್ಯೆಯ ‘ತೊಳೆದರು’ ಎಂಬುದರಂತೆಯೇ ಸರ್ವಲಘುವಾದ (ಎಲ್ಲವೂ ಒಂದೊಂದು ಮಾತ್ರೆಯ ಅಕ್ಷರಗಳಾದ) ‘ಕೆಸರಿನ’ ಎಂಬುದನ್ನು ಇಟ್ಟಿದ್ದೀರಿ. ಕೆಸರಿಗೆ ಎದುರಾಗಿ ತೊಳೆತ ಅದೇ ತಾಣದಲ್ಲಿ ಬಂದು ನಿಂತಿದೆ. ಉಳಿದವರು ಕ್ರಿಸ್‌ಮಸ್ಸಿನ ಪ್ರಸ್ತಾಪವೇ ಇಲ್ಲದ ಪರಿಹಾರವನ್ನೂ ಪ್ರಯತ್ನಿಸಬೇಕೆಂದು ಕೋರುತ್ತೇನೆ.