ಆನೆಕಾಲು ರೋಗದ ಸಮೀಕ್ಷೆ: ನಕ್ಷೆಯಲ್ಲಿ ಸೋಂಕಿನ ನಿಜವಾದ ಗುಂಪು ಗುರುತಿಸೋದು ಹೇಗೆ?

ಪ್ರಶ್ನೆ (ನಕ್ಷೆಹುಡುಕ): ಯಾದಗಿರಿ ಜಿಲ್ಲೆಯ ಕೆಲವು ಹಳ್ಳಿಗಳ ಎಫ್‌ಟಿಎಸ್ ಪಟ್ಟಿ ಪರೀಕ್ಷೆಯ (ರಕ್ತದಲ್ಲಿ ಆನೆಕಾಲು ಹುಳುವಿನ ಗುರುತು ಹುಡುಕೋ ಸ್ಟ್ರಿಪ್) ಫಲಿತಾಂಶ ಎಕ್ಸೆಲ್‌ನಲ್ಲಿದೆ. ಪಾಸಿಟಿವ್ ಬಂದವರ ಮನೆಯ ಜಿಪಿಎಸ್ ಇದೆ, ನೆಗೆಟಿವ್ ಬಂದವರದು ಹಳ್ಳಿಯ ಹೆಸರಷ್ಟೇ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿದರೆ ಕೆಲವು ಚುಕ್ಕಿ ನಾರ್ವೆ ಕಡೆ ಹೋಗಿ ಕೂತಿವೆ. ಹೀಟ್‌ಮ್ಯಾಪ್‌ನಲ್ಲಿ (ಚುಕ್ಕಿ ದಟ್ಟವಾದಷ್ಟೂ ಕೆಂಪಾಗೋ ನಕ್ಷೆ) ದೊಡ್ಡ ಊರುಗಳೇ ಕೆಂಪು. ಏನು ಮಾಡಲಿ?

ಅಕ್ಷಾಂಶ: ನಾರ್ವೆ ಅಂದರೆ ಅಕ್ಷಾಂಶ-ರೇಖಾಂಶ ಅದಲುಬದಲು. ಯಾದಗಿರಿ ಸುಮಾರು 16.77, 77.14. ತಿರುವಿದರೆ ನೇರ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹ! ಕ್ಯೂಜಿಐಎಸ್‌ನಲ್ಲಿ ಎಕ್ಸ್ ಅಂದರೆ ರೇಖಾಂಶ. ಈ ತಪ್ಪು ಕಣ್ಣಿಗೆ ಬೀಳುತ್ತೆ, ಬೀಳದೇ ಇರೋದು ಇನ್ನೊಂದು: 16 ಡಿಗ್ರಿ 46 ನಿಮಿಷ 12 ಸೆಕೆಂಡನ್ನು 16.4612 ಅಂತ ಬರೆದುಬಿಡೋದು. ಚುಕ್ಕಿ ಸುಮಾರು 34 ಕಿ.ಮೀ. ದಕ್ಷಿಣಕ್ಕೆ ಜಾರುತ್ತೆ, ಆದರೂ ಸುತ್ತಮುತ್ತಲ ಊರಿನಂತೆಯೇ ಕಾಣುತ್ತೆ. ದೂರ ಅಳೆಯೋ ಮುಂಚೆ ಡಿಗ್ರಿಯಿಂದ ಮೀಟರ್ ಲೆಕ್ಕದ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿ. ಹಳ್ಳಿಗಳನ್ನು ಹೆಸರಿನಿಂದ ಜೋಡಿಸಬೇಡಿ, ಒಂದೇ ಹೆಸರಿನ ಊರು ತಾಲೂಕಿಗೆರಡು ಇರುತ್ತವೆ. ಸರ್ಕಾರ ಪ್ರತಿ ಹಳ್ಳಿಗೂ ಕೊಟ್ಟಿರೋ ಎಲ್‌ಜಿಡಿ ಕೋಡ್ ಬಳಸಿ.

ಸೊಳ್ಳೆಬಲೆ: ಹೀಟ್‌ಮ್ಯಾಪ್ ಬಿಟ್ಟುಬಿಡಿ. ಅದು ತೋರಿಸೋದು ಎಲ್ಲಿ ಜಾಸ್ತಿ ಜನರನ್ನು ಪರೀಕ್ಷಿಸಿದ್ದೀರಿ ಅನ್ನೋದನ್ನ. ನೆಗೆಟಿವ್‌ಗೆ ಮನೆಯ ಜಾಗ ಇಲ್ಲದ ಮೇಲೆ ಪಾಸಿಟಿವ್‌ಗಳನ್ನೂ ಹಳ್ಳಿಯ ಬಿಂದುವಿಗೇ ತನ್ನಿ. ಆಮೇಲೆ ಗುಂಪು ಹುಡುಕೋ ತಂತ್ರಾಂಶ ಸ್ಯಾಟ್‌ಸ್ಕ್ಯಾನ್‌ನಲ್ಲಿ ಬರ್ನೂಲಿ (ಹೌದು-ಇಲ್ಲ ಫಲಿತಾಂಶದ) ಮಾದರಿ: ಪಾಸಿಟಿವ್ ಒಂದು ಫೈಲು, ನೆಗೆಟಿವ್ ಒಂದು, ಜಾಗದ್ದೊಂದು. ಪಾಸಿಟಿವ್ ಸೊನ್ನೆ ಇರೋ ಹಳ್ಳಿಗಳನ್ನು ಕೈಬಿಡಬೇಡಿ. ಕಿಟಕಿಯ (ಗುಂಪು ಹುಡುಕಲು ನಕ್ಷೆ ಮೇಲೆ ಸರಿಸೋ ವೃತ್ತದ) ಗರಿಷ್ಠ ಗಾತ್ರ ಪರೀಕ್ಷಿಸಿದವರ 50% ಅಂತಲೇ ಬಿಟ್ಟರೆ ಅರ್ಧ ತಾಲೂಕೇ ಒಂದು ಗುಂಪಾಗಿ ಬರಬಹುದು. 10, 20, 50 ಮೂರೂ ಓಡಿಸಿ, ಮೂರರಲ್ಲೂ ನಿಲ್ಲೋ ಗುಂಪನ್ನು ಮಾತ್ರ ನಂಬಿ.

ನಕ್ಷೆಹುಡುಕ: 10%ನಲ್ಲಿ ಒಂದೇ ಹಳ್ಳಿ ಬಂತು, ಪಿ ಬೆಲೆ (ಬರೀ ಆಕಸ್ಮಿಕವಾಗಿ ಇಂಥ ಗುಂಪು ಬರೋ ಸಂಭವ) 0.001. ಸಾಕಾ?

ಸೊಳ್ಳೆಬಲೆ: ಸ್ಯಾಟ್‌ಸ್ಕ್ಯಾನ್ ಪಾಸಿಟಿವ್‌ಗಳನ್ನು ಮನಬಂದಂತೆ ಹಂಚಿ ಹಂಚಿ ಹೋಲಿಸುತ್ತೆ. ಅಂಥ 999 ಪುನರಾವರ್ತನೆಗೆ 0.001 ಅನ್ನೋದೇ ಬರಬಹುದಾದ ಕನಿಷ್ಠ, ಅದನ್ನು ನೋಡಿ ಹಿಗ್ಗಬೇಡಿ. ಆ ಪಾಸಿಟಿವ್‌ಗಳೆಲ್ಲ ಒಂದೆರಡು ಮನೆಯವರಾ ನೋಡಿ. ಒಬ್ಬರಿಗೊಬ್ಬರು ಸಂಬಂಧವಿಲ್ಲ ಅಂತ ಲೆಕ್ಕ ಹಿಡಿದಿರುತ್ತೆ ಆ ಪರೀಕ್ಷೆ. ಒಂದೇ ಸೂರಿನಡಿ ಮಲಗೋರಿಗೆ ಅದು ಹೊಂದಲ್ಲ.

ರಾತ್ರಿರಕ್ತ: ಇನ್ನೆರಡು ಕಾಲಂ ಬೇಕು. ಒಂದು, ಪರೀಕ್ಷೆಯ ಪಟ್ಟಿ ಓದಿದ ತಂಡ. 75 ಮೈಕ್ರೋಲೀಟರ್ ರಕ್ತ ಹಾಕಿ ಸರಿಯಾಗಿ 10 ನಿಮಿಷಕ್ಕೆ ಓದಬೇಕು. ತಡವಾದರೆ ಸುಳ್ಳು ಗೆರೆ ಮೂಡುತ್ತೆ. ಒಂದೇ ತಂಡದ ಹಳ್ಳಿಗಳೆಲ್ಲ ಕೆಂಪಾಗಿದ್ದರೆ ಅನುಮಾನ ಪಡಬೇಕಾದ್ದು ಗಡಿಯಾರದ ಮೇಲೆ. ಎರಡು, ಕಳೆದ ಕೆಲವು ವರ್ಷ ರಾತ್ರಿ ಎಲ್ಲಿ ಮಲಗುತ್ತಿದ್ದರು. ರೋಗ ಹರಡೋ ಕ್ಯೂಲೆಕ್ಸ್ ಸೊಳ್ಳೆ ಕಚ್ಚೋದು ರಾತ್ರಿ, ಮೈಯೊಳಗೆ ಬೆಳೆದ ಹುಳು ಬದುಕೋದು 6-8 ವರ್ಷ. ಗುಳೆ ಹೋಗಿ ಬಂದವರ ಸೋಂಕು ಊರಿನದೇ ಆಗಿರಬೇಕಿಲ್ಲ. ಊರು ಬಿಡದ 6-7 ವರ್ಷದ ಮಕ್ಕಳಲ್ಲಿ ಪಾಸಿಟಿವ್ ಬಂದರೆ ಮಾತು ಬೇರೆ, ಅಲ್ಲಿ ಇತ್ತೀಚೆಗೆ ಹರಡಿದೆ ಅಂತಲೇ ಅರ್ಥ. ಕಾಲು ಊದಿದವರ ಪಟ್ಟಿಯನ್ನು ಇದಕ್ಕೆ ಬೆರೆಸಬೇಡಿ, ಅದು ಹಳೇ ಸೋಂಕಿನ ಗುರುತು. ಮತ್ತೆ, ನಕ್ಷೆ ಹೊರಗೆ ಕೊಡುವಾಗ ಮನೆಯ ಬಿಂದು ಬೇಡ, ಹಳ್ಳಿ ಮಟ್ಟದ್ದು ಮಾತ್ರ.