ಓವರ್‌ಕ್ಲಾಕಿಂಗ್‌ನ ‘ಸ್ಟೇಬಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜಾಸ್ತಿ ಓಡಿಸುವವರು (ಇದೇ ಓವರ್‌ಕ್ಲಾಕಿಂಗ್) ಮಾತುಮಾತಿಗೂ ‘ಸ್ಟೇಬಲ್’ ಅನ್ನುತ್ತಾರೆ. ‘4.2ರಲ್ಲಿ ಸ್ಟೇಬಲ್ ಇದೆಯಾ?’ ಅಂದರೆ, 4.2 ಗಿಗಾಹರ್ಟ್ಸ್ ವೇಗದಲ್ಲೂ ಲೆಕ್ಕ ತಪ್ಪದೆ, ಹ್ಯಾಂಗ್ ಆಗದೆ ಓಡುತ್ತದೆಯಾ ಅಂತ. ಇದನ್ನು ಕನ್ನಡದಲ್ಲಿ ‘ಸ್ಥಿರ’ ಎಂದು ಬರೆದರೆ ಹೊಸಬರು ದಾರಿ ತಪ್ಪುತ್ತಾರೆ ಅನ್ನುವುದು ನನ್ನ ಅನಿಸಿಕೆ. ಬೇರೆ ಮಾತು ಹುಡುಕುತ್ತಿದ್ದೇನೆ.

ಹಿನ್ನೆಲೆ ಇಷ್ಟೇ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗ ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗಗಳನ್ನು ತಂದು ಕಂಪ್ಯೂಟರ್ ಜೋಡಿಸಿದ್ದಾನೆ. ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಪ್ರೊಸೆಸರ್ ಚಿಪ್ಪಿನ ಜೊತೆ ಡಬ್ಬಿಯಲ್ಲೇ ಬಂದ ಕೂಲರ್. ಈಗ ಓವರ್‌ಕ್ಲಾಕ್ ಮಾಡುವ ಆಸೆ. ಏನೂ ಸುಡದ ಹಾಗೆ, ಒಂದೊಂದೇ ಮೆಟ್ಟಿಲು ಏರುವುದು ಹೇಗೆ ಅಂತ ಅವನಿಗೂ ಅವನ ಗೆಳೆಯರಿಗೂ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ, ಬಿಲ್ಡಿಂಗ್‌ನಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ ಆಡುವ ಹುಡುಗರು ಇವರು. ಹೊಸದಾಗಿ ಕಟ್ಟಿದ ಪದ ಕೊಟ್ಟರೆ, ‘ಮಾಮಾ, ಇದಕ್ಕೆ ಇಂಗ್ಲಿಷಲ್ಲಿ ಏನಂತಾರೆ?’ ಅಂತ ಕೇಳುತ್ತಾನೆ. ಅವನ ತಪ್ಪೇನಿಲ್ಲ.

ಹಾಗಾಗಿ ಓವರ್‌ಕ್ಲಾಕಿಂಗನ್ನು ಹಾಗೇ ಬಿಟ್ಟಿದ್ದೇನೆ. ‘ಅತಿಗಡಿಯಾರ’ ಗಿತಿಗಡಿಯಾರ ಯಾರಿಗೂ ಬೇಡ. ಮಲ್ಟಿಪ್ಲೈಯರ್‌ಗೆ ಶಾಲೆಯಲ್ಲಿ ಕಲಿತ ‘ಗುಣಕ’ ಸಾಕು. 100 ಮೆಗಾಹರ್ಟ್ಸ್ ಮೂಲವೇಗಕ್ಕೆ 36ರ ಗುಣಕ, ಒಟ್ಟು 3.6 ಗಿಗಾಹರ್ಟ್ಸ್. ವೋಲ್ಟೇಜ್ ವೋಲ್ಟೇಜೇ.

ಸಿಕ್ಕು ಇರುವುದು ಸ್ಟೇಬಲ್‌ನಲ್ಲಿ. ಹೊಸಬರು ಏನು ಮಾಡುತ್ತಾರೆ ನೋಡಿ. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟಕ್ಕೆ) ಹೋಗಿ ಗುಣಕ ಏರಿಸುತ್ತಾರೆ, ಸೇವ್ ಮಾಡಿ ಹೊರಗೆ ಬರುತ್ತಾರೆ. ವಿಂಡೋಸ್ ತೆರೆದುಕೊಂಡಿತು. ಪರದೆಯ ಮೇಲೆ 4.2 ಅನ್ನುವ ಸಂಖ್ಯೆ ಅಲುಗಾಡದೆ ಕೂತಿದೆ. ಸ್ಥಿರ ಅಂದ್ರೆ ಇದೇ ಅಲ್ವಾ? ಆದರೆ ಏನೂ ಮುಟ್ಟದೆ ಬಿಟ್ಟಾಗ ಇದೇ ಚಿಪ್ಪಿನ ವೇಗ ಕೆಲಸ ನೋಡಿಕೊಂಡು 4.2ರ ತನಕ ಏರುತ್ತ ಇಳಿಯುತ್ತ ಇರುತ್ತದೆ. ಒಂದು ಕ್ಷಣ ಇದ್ದಂತೆ ಇನ್ನೊಂದು ಕ್ಷಣ ಇರುವುದಿಲ್ಲ. ಅದು ಪೂರಾ ಸ್ಟೇಬಲ್ ಯಂತ್ರ. ಗುಣಕವನ್ನು ಒಂದೇ ಕಡೆ ಕಟ್ಟಿಹಾಕಿದ ಮೇಲೆ ಸಂಖ್ಯೆ ಕದಲುವುದಿಲ್ಲ, ಒಳಗೆ ಲೆಕ್ಕ ಮಾತ್ರ ತಪ್ಪುತ್ತಿರಬಹುದು. ಅಂದರೆ ‘ಸ್ಥಿರ’ ಅನ್ನುವ ಪದ ಸರಿಯಾಗಿ ಉಲ್ಟಾ ಕಡೆಗೆ ಬೆರಳು ತೋರಿಸುತ್ತಿದೆ.

ಲೆಕ್ಕ ತಪ್ಪುವುದು ಅಂದೆ. ಇದು ಬರೀ ಮಾತಿಗೆ ಹೇಳಿದ್ದಲ್ಲ. ಪರೀಕ್ಷೆಗೆ ಹೆಚ್ಚಿನವರು ಹಾಕುವ ಪ್ರೈಮ್95 ಮೂಲದಲ್ಲಿ ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು (2ನ್ನು 2ರಿಂದಲೇ ಹಲವು ಸಲ ಗುಣಿಸಿ 1 ಕಳೆದರೆ ಸಿಗುವಂಥವು) ಹುಡುಕಲು ಬರೆದ ಪ್ರೋಗ್ರಾಂ. ದೊಡ್ಡ ದೊಡ್ಡ ಗುಣಾಕಾರ ಮಾಡುತ್ತ, ಬಂದ ಉತ್ತರ ಸರಿಯಿದೆಯಾ ಅಂತ ತಾನೇ ತಾಳೆ ನೋಡುತ್ತದೆ. ಚಿಪ್ಪು ಸೋತಾಗ ಅದು ಕೊಡುವ ದೂರು ಹೀಗಿರುತ್ತದೆ: ದಶಾಂಶವನ್ನು ಪೂರ್ಣಾಂಕಕ್ಕೆ ಸರಿಹೊಂದಿಸುವಾಗ ವ್ಯತ್ಯಾಸ 0.5 ಬಂತು, 0.4ಕ್ಕಿಂತ ಕಡಿಮೆ ಇರಬೇಕಿತ್ತು. ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಇಲ್ಲ, ಹೊಗೆ ಇಲ್ಲ, ಮೌಸ್ ಕೂಡ ಓಡಾಡುತ್ತಿದೆ. ಉತ್ತರ ಮಾತ್ರ ತಪ್ಪು. ಪರೀಕ್ಷೆ ಮಾಡದೆ ಬಿಟ್ಟರೆ ಇದೇ ತಪ್ಪು ಎಂದೋ ಒಂದು ದಿನ ಬಿಚ್ಚಿದ ಜಿಪ್ ಫೈಲ್ ಕೆಟ್ಟುಹೋಗಿ ಕಾಣಿಸಿಕೊಳ್ಳುತ್ತದೆ. ಆಗ ಎಲ್ಲರೂ ಹಾರ್ಡ್ ಡಿಸ್ಕನ್ನು ಬೈಯುತ್ತಾರೆ!

ಹಾಗಾದರೆ ಯಾವ ಮಾತು? ಮೊದಲು ತಲೆಗೆ ಬಂದದ್ದು ‘ನಿಲ್ಲು’. ಬಣ್ಣ ನಿಲ್ಲುತ್ತದೆ, ಮಾತು ನಿಲ್ಲುತ್ತದೆ, ಹಾಗೇ ವೇಗವೂ ನಿಲ್ಲಲಿ. ಆದರೆ ‘4.2ಕ್ಕೆ ನಿಂತಿತು’ ಅಂತ ಬರೆದು ನೋಡಿ. ಗಟ್ಟಿಯಾಗಿ ನಿಂತಿತೋ, ಹ್ಯಾಂಗ್ ಆಗಿ ನಿಂತಿತೋ? ಸೂಚನೆಯ ಟಿಪ್ಪಣಿಯಲ್ಲಿ ಇಂಥ ಪದ ಬಾಂಬ್ ಇದ್ದ ಹಾಗೆ. ‘ಗಟ್ಟಿ’ ಅಂದರೆ ಹುಡುಗರು ಕೂಲರಿನ ಸ್ಕ್ರೂ ಬಿಗಿ ಮಾಡುತ್ತಾರೆ. ‘ದೃಢ’ ಭಾಷಣದ ಪದ.

ಅಂಗಡಿ ಹಿಂದಿಯಲ್ಲಿ ‘ಟಿಕೇಗಾ ಕ್ಯಾ?’ (ಕೆಡದೆ ಉಳಿಯುತ್ತಾ?) ಅಂತ ಕೇಳುತ್ತಾರೆ, ಮರಾಠಿಯಲ್ಲೂ ‘ಟಿಕಣೆ’ ಇದೆ. ಅದಕ್ಕೆ ಹತ್ತಿರ ಬರುವುದು ನಮ್ಮ ‘ತಾಳು’. ‘4.1 ತಾಳಿತು, 4.2 ತಾಳಲಿಲ್ಲ.’ ಓದಿದ ಕೂಡಲೇ ಅರ್ಥವಾಗುತ್ತದೆ. ಇನ್ನೊಂದು ಲಾಭ ಇದೆ. ಇದು ಕ್ರಿಯಾಪದ, ಕಾಲ ಹೇಳಿಯೇ ತೀರಬೇಕು. ‘ಸ್ಥಿರ’ ಅಂದಾಗ ಇನ್ನು ಮುಂದೆ ಎಂದೆಂದಿಗೂ ಹಾಗೇ ಅನ್ನುವ ಭಾವ ಬರುತ್ತದೆ. ‘ಜನವರಿಯಲ್ಲಿ ತಾಳಿತು’ ಅಂದರೆ ಜನವರಿಯದ್ದಷ್ಟೇ ಗ್ಯಾರಂಟಿ. ಡೊಂಬಿವಲಿಯ ಮೇ ತಿಂಗಳಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಮತ್ತೆ ನೋಡಲೇಬೇಕು. ಕೋಣೆ 10 ಡಿಗ್ರಿ ಜಾಸ್ತಿ ಕಾದರೆ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಮೇಲೇರುತ್ತದೆ.

ಆದರೆ ತಾಳುವುದಕ್ಕೂ ಒಂದು ಆಕ್ಷೇಪ ಇದೆ. ‘ತಾಳು’ ಅಂದ ಕೂಡಲೇ ಬಿಸಿ ತಾಳುವುದು ನೆನಪಾಗುತ್ತದೆ. 65 ಡಿಗ್ರಿಯಲ್ಲಿ ತಣ್ಣಗೆ ಇರುವ ಚಿಪ್ಪೂ ಲೆಕ್ಕ ತಪ್ಪಬಹುದು, ಕೊಟ್ಟ ವೋಲ್ಟೇಜ್ ಸಾಲದಿದ್ದರೆ. ಇಲ್ಲಿ ಕಾರಣ ಬೇರೆ. ಭಜನೆಯಲ್ಲಿ ತಾಳ ಹಿಡಿದವನು ವೇಗ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಹಾಡುವವರ ಸಾಲು ಮುಗಿಯುವ ಮೊದಲೇ ಮುಂದಿನ ಪೆಟ್ಟು ಬಿದ್ದುಬಿಡುತ್ತದೆ. ಚಿಪ್ಪಿನೊಳಗೂ ಹಾಗೆಯೇ. ಸಂಕೇತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟುವ ಮೊದಲೇ ಮುಂದಿನ ಮಿಡಿತ ಬಂದರೆ ಚಿಪ್ಪು ಹಳೆಯ ಉತ್ತರವನ್ನೇ ಎತ್ತಿಕೊಂಡು ಮುಂದೆ ಹೋಗುತ್ತದೆ. ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್‌ಗಳು ಚುರುಕಾಗುತ್ತವೆ, ಸಮಯಕ್ಕೆ ಮುಟ್ಟುತ್ತವೆ. ಹಾಗೆ ನೋಡಿದರೆ ‘ತಾಳ ತಪ್ಪದೆ ಓಡುತ್ತದೆ’ ಅನ್ನುವುದೇ ಹೆಚ್ಚು ಸರಿ. ಕ್ಲಾಕ್ ಅಂದರೆ ಗೋಡೆಯ ಗಡಿಯಾರ ಅಂತ ತಿಳಿದುಕೊಳ್ಳುವುದೂ ತಪ್ಪುತ್ತದೆ. ಉದ್ದವಾಯಿತು ಅನ್ನುವುದು ಬಿಟ್ಟರೆ ನನಗೆ ಇದು ಇಷ್ಟ.

ವೋಲ್ಟೇಜ್ ಮಾತು ಬಂತು, ಒಂದು ಎಚ್ಚರಿಕೆ. ಚಿಪ್ಪು ತಿನ್ನುವ ವಿದ್ಯುತ್ತು ವೇಗಕ್ಕೆ ತಕ್ಕಂತೆಯೂ ಏರುತ್ತದೆ, ಅದರ ಮೇಲೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. 3.9ರಿಂದ 4.1ಕ್ಕೆ ಹೋಗಲು 1.2 ವೋಲ್ಟನ್ನು 1.3 ಮಾಡಿದಿರಿ ಅನ್ನಿ. ವೇಗ ಸಿಕ್ಕಿದ್ದು ಶೇ. 5, ವಿದ್ಯುತ್ತು ಏರಿದ್ದು ಸುಮಾರು ಶೇ. 23. ಇದನ್ನು ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ವರ್ಷಗಳ ಲೆಕ್ಕದ ಸವೆತಕ್ಕೆ ‘ಬಾಳಿಕೆ’ ಅನ್ನುವ ಒಳ್ಳೆಯ ಪದ ಮೊದಲೇ ಇದೆ. ಇವತ್ತು ತಾಳಿದ್ದು ಬಾಳಿಕೆ ಬರಲೇಬೇಕು ಅಂತೇನಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳೋಣ.

‘ಥ್ರಾಟಲ್’ ಇನ್ನೊಂದು ತಮಾಷೆ. ಬೈಕ್ ಓಡಿಸುವವರಿಗೆ ಥ್ರಾಟಲ್ ಕೊಡುವುದು ಅಂದರೆ ವೇಗ ಏರಿಸುವುದು. ಪ್ರೊಸೆಸರ್ ಥ್ರಾಟಲ್ ಆಗುತ್ತಿದೆ ಅಂದರೆ ಬಿಸಿ ಮಿತಿ ಮುಟ್ಟಿ ತಾನೇ ನಿಧಾನ ಆಗುತ್ತಿದೆ ಅಂತ. ಈ 3600ಕ್ಕೆ ಆ ಮಿತಿ 95 ಡಿಗ್ರಿ. ಹುಡುಗರು ‘ಥ್ರಾಟಲ್’ ಅಂತ ಓದಿ, ವೇಗ ಏರಿತು ಅಂದುಕೊಂಡು ಖುಷಿಪಡುವುದನ್ನು ನೋಡಿದ್ದೇನೆ. ‘ವೇಗ ಇಳಿಸಿಕೊಳ್ಳುತ್ತದೆ’ ಅಂತ ಬಿಡಿಸಿ ಬರೆದರೆ ಗೊಂದಲವೇ ಇಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ವೇಗ ಇಳಿಸಿಕೊಂಡ ಚಿಪ್ಪು ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಅದು ತಾಳಿದ್ದು 4.2ನ್ನಲ್ಲ, ಇಳಿದ ವೇಗವನ್ನು. ಅದಕ್ಕೇ ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ಬಿಸಿ, ವೇಗ ಎರಡನ್ನೂ ತೋರಿಸುವ ಕಿಟಕಿ ತೆರೆದಿರಲೇಬೇಕು.

ಸದ್ಯಕ್ಕೆ ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: ‘ವಿಂಡೋಸ್ ತೆರೆದುಕೊಂಡರೆ ಸಾಲದು. ಪೂರ್ತಿ ಕೆಲಸ ಕೊಟ್ಟು ಕೆಲವು ಗಂಟೆ ಬಿಡಿ. ಲೆಕ್ಕ ತಪ್ಪದೆ, ವೇಗ ಇಳಿಸಿಕೊಳ್ಳದೆ ಓಡಿದರೆ ತಾಳಿತು ಅನ್ನಿ. ತಾಳದಿದ್ದರೆ ಗುಣಕವನ್ನು ಒಂದು ಮೆಟ್ಟಿಲು ಇಳಿಸಿ. ಪರದೆಯೇ ಬರದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಂಥ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಎಲ್ಲ ಮೊದಲಿನಂತಾಗುತ್ತದೆ.’

ಹುಬ್ಬಳ್ಳಿ, ಬೆಳಗಾವಿ ಕಡೆಯವರು ಮೋಟಾರು ಲೋಡ್ ‘ತಡಕೊಳ್ಳುತ್ತದೆ’ ಅನ್ನುತ್ತಾರಲ್ಲ, ಅದು ‘ತಾಳು’ವಿಗಿಂತ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆಯೇ? ಕರಾವಳಿಯವರ ಕಿವಿಗೆ ಅದು ಹೇಗೆ ಕೇಳುತ್ತದೆ? ಮೋಟಾರು, ಪಂಪು, ರೇಡಿಯೋ ರಿಪೇರಿ ಮಾಡಿದವರು ಯಾರಾದರೂ ಇದ್ದರೆ, ನೀವು ಆಡುತ್ತಿದ್ದ ಮಾತು ಯಾವುದು ಅಂತ ತಿಳಿಸಿ. ನಾಮಪದ ಬೇಡ, ವಾಕ್ಯದಲ್ಲಿ ಹಾಕಿಯೇ ಕೊಡಿ.